ಭಾವನವರ ಮರಾಠಿ, ನನ್ನ ತವರಿನ ಎಮ್ಮೆ

ಮದುವೆಯಾಗಿ ಬಂದ ಮೊದಲ ಸಂಜೆ ಅಡುಗೆಮನೆಯಲ್ಲಿ ಕೂತಿದ್ದೆ. ಅತ್ತೆ, ನೆಗೆಣ್ಣಿ, ಪಡಸಾಲೆಯ ಗಂಡಸರು ಎಲ್ಲರೂ ನಮ್ಮಂತೆಯೇ ಕನ್ನಡದಲ್ಲಿ ಮಾತಾಡುತ್ತಿದ್ದರು. ಅಷ್ಟರಲ್ಲಿ ಯಾರೋ ತಲಬಾಗಿಲು ತಟ್ಟಿದರು. ಇಡೀ ಮನೆ ಒಂದು ಗಳಿಗೆ ಬಾಯಿ ಮುಚ್ಚಿತು. ತೆರೆದಾಗ ಎಲ್ಲರ ಬಾಯಲ್ಲೂ ಮರಾಠಿ. ಅತ್ತೆ ನನ್ನನ್ನೇ ನೋಡಿ ಮರಾಠಿಯಲ್ಲಿ ಏನೋ ಕೇಳಿದರು, ನಾನು ಮಿಕಿಮಿಕಿ ನೋಡಿದೆ. ಬಂದವನು ಮುರುಮ ಪೇಟೆಯ ಅಡತಿ ಅಂಗಡಿಯ ಆಳು. ಖಾಲಿ ಚೀಲ ಇಸಿದುಕೊಂಡು ಹೋದ. ಬಾಗಿಲು ಹಾಕಿದ ಮೇಲೆ ಮನೆಗೆ ಮತ್ತೆ ಕನ್ನಡ ಬಂತು. ತವರಿನಲ್ಲಿ ಮಳೆ ಬಂದರೆ ಕುಳ್ಳನ್ನು ಒಳಗೆ ತರುತ್ತಿದ್ದೆವು. ಇಲ್ಲಿ ಜನ ಬಂದರೆ ಭಾಷೆಯನ್ನು ಒಳಗೆ ತರುತ್ತಾರೆ.

ತವರಾದ ಇಂಡಿ ಕಡೆಯ ನನ್ನ ಅಕ್ಕತಂಗಿಯರಿಗೆ ಇದು ನಗೆಯ ಮಾತು ಅನ್ನಿಸಬಹುದು. ನನಗೂ ಮೊದಮೊದಲು ನಗು ಬರುತ್ತಿತ್ತು. ಸೊಲ್ಲಾಪುರದವರೆಗೆ ರೈಲು, ಅಲ್ಲಿಂದ ಯೆಣೆಗೂರಿನವರೆಗೆ ಬಸ್ಸು, ಆಮೇಲೆ ಚಕ್ಕಡಿ. ಬಂದು ಇಳಿದರೆ ಅದೇ ಕಪ್ಪು ಮಣ್ಣು, ಅದೇ ಜೋಳ, ಕೊರಳಲ್ಲಿ ಅದೇ ಲಿಂಗ. ಆದರೆ ರೊಟ್ಟಿಗೆ ಭಾಕರಿ ಅನ್ನಬೇಕು, ಅದೂ ಹೊರಗಿನವರು ಇದ್ದಾಗ ಮಾತ್ರ. ನಮ್ಮಲ್ಲಿ ಬಡಿದು ಒಣಗಿಸಿ ಪೇರಿಸಿಟ್ಟರೆ ಹಸಿದ ಹೊತ್ತಿಗೆ ಕೈಗೆ ಸಿಗುತ್ತಿತ್ತು. ಇಲ್ಲಿ ಬಿಸಿ ಬಿಸಿ ಬಡಿದು ಗಂಡಸರಿಗೆ ಹಾಕಬೇಕು. ಕಡೆಗೆ ಉಳಿದದ್ದು ಹೆಂಗಸರಿಗೆ, ಅದರಲ್ಲೂ ಉಳಿದದ್ದು ಹೊಸ ಸೊಸೆಗೆ.

ಈ ವ್ಯವಸ್ಥೆಯ ಯಜಮಾನರು ನಮ್ಮವರ ಅಣ್ಣ, ಅಂದರೆ ಭಾವನವರು. ನಿಜಾಮನ ಕಾಲದಲ್ಲಿ ಒಬ್ಬ ಜಾಗೀರದಾರನ ದಫ್ತರದಲ್ಲಿ ಕೂತು ಉರ್ದು ಬರೆಯುತ್ತಿದ್ದರಂತೆ. ಆಗ ಶೇರವಾನಿ, ಆಗ ತಲೆಗೆ ಗೊಂಡೆಯ ಟೋಪಿ. ಪೊಲೀಸ್ ಕಾರ್ಯಾಚರಣೆಯಾಗಿ ಜಾಗೀರು ಹೋಯಿತು, ಕೆಲಸ ಹೋಯಿತು. ಶೇರವಾನಿ ಟ್ರಂಕಿಗೆ ಸೇರಿತು, ಬಿಳಿ ಟೋಪಿ ಹೊರಬಂತು, ಉರ್ದುವಿನ ಜಾಗಕ್ಕೆ ಮರಾಠಿ ಬಂತು. ಆ ಗದ್ದಲದಲ್ಲಿ ಓಣಿಯ ಒಂದು ಮುಸಲ್ಮಾನರ ಮನೆಯವರು ಜೀವ ಉಳಿಸಿಕೊಂಡು ಊರು ಬಿಟ್ಟಿದ್ದರು. ಅವರ ಮಂಚ ನಮ್ಮ ಪಡಸಾಲೆಯಲ್ಲಿತ್ತು. ಅದರ ಮೇಲೆ ಭಾವನವರು ಕೂತು ಮನೆತನದ ಮಾನದ ಬಗ್ಗೆ ಹೇಳುತ್ತಿದ್ದರು. ಆ ಮಂಚದ ಮೇಲೆ ನಾನು ಒಂದು ದಿನವೂ ಕೂತಿಲ್ಲ. ಶಿವ ಅಷ್ಟು ಬುದ್ಧಿ ಕೊಟ್ಟ.

ಮಳೆ ಕೈಕೊಟ್ಟ ಒಂದು ವರ್ಷ ಕೂಡಿಟ್ಟ ಜೋಳ ಸರಕಾರದ ಕಡ್ಡಾಯ ಲೆವಿಗೆ ಹೋಯಿತು, ಹೊಸ ಬೆಳೆ ಅರ್ಧಕ್ಕೆ ನಿಂತಿತು. ಊರವರೆಲ್ಲ ಸರಕಾರಿ ಅಂಗಡಿಯ ಕೆಂಪು ಜೋಳ ತಂದು ತಿಂದರು. ನಾವೂ ತಿಂದೆವು, ಆದರೆ ಬಾಗಿಲು ಹಾಕಿಕೊಂಡು. ಅದನ್ನು ಬುಟ್ಟಿಯ ತಳದಲ್ಲಿ ಹಾಕಿ ಮೇಲೆ ಕುಳ್ಳು ಮುಚ್ಚಿ ತರುವುದು ನನ್ನ ಕೆಲಸ. ಸರದಿಯಲ್ಲಿ ನನ್ನ ಹಿಂದೆ ನಿಂತವಳು ಒಮ್ಮೆ ಕೇಳಿಯೇಬಿಟ್ಟಳು, "ಯಾಕವ್ವಾ, ನಿಮ್ಮ ಮನ್ಯಾಗ ಜ್ವಾಳಕ್ಕ ಥಂಡಿ ಆಗ್ತದೇನು?" ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲ ಎಂದುಕೊಂಡವರು ಭಾವನವರೊಬ್ಬರೇ.

ಆ ದಿನಗಳಲ್ಲೇ ನನ್ನ ಮಗಳು ನೀಲಾ ಹುಟ್ಟಿದಳು. ಬಾಣಂತನ ಮುಗಿಸಿ ನಾನು ತವರಿನಿಂದ ಹೊರಟಾಗ ನಮ್ಮಣ್ಣ ಒಂದು ಎಮ್ಮೆಯನ್ನು ಹೊಡೆದುಕೊಂಡು ಅಲ್ಲಿಂದ ಇಲ್ಲಿಯವರೆಗೆ ನಡೆದು ಬಂದ. ಬರುವಷ್ಟರಲ್ಲಿ ಅವನ ಚಪ್ಪಲಿ ಹರಿದಿತ್ತು, ಎಮ್ಮೆ ಮಾತ್ರ ಗಟ್ಟಿಯಾಗಿತ್ತು. ಕೆಂಪು ಜೋಳದ ಅರೆಹೊಟ್ಟೆಗೆ ನನ್ನ ಎದೆಯ ಹಾಲು ಬೇಗ ಬತ್ತಿತು. ನೀಲಾ ಆ ಎಮ್ಮೆಯ ಹಾಲಿನ ಮೇಲೆ ಬದುಕಿದಳು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಿಂಡಲು ಕೂತಾಗ ಅದರೊಂದಿಗೆ ಇಂಡಿಯ ಮಾತು ಆಡುತ್ತಿದ್ದೆ. ಬಾಗಿಲು ತಟ್ಟಿದರೆ ಭಾಷೆ ಬದಲಿಸದ ಪ್ರಾಣಿ ಆ ಮನೆಯಲ್ಲಿ ಅದೊಂದೇ.

ಹಾಗಿರುವಾಗ ಭಾವನವರ ಮಗಳು ಗಂಗಾಳಿಗೆ ನಿಲಂಗಾದಿಂದ ಸಂಬಂಧ ಬಂತು. ಕೋರ್ಟಿನಲ್ಲಿ ಕೆಲಸವಿರುವ ಮನೆ, ಸ್ವಚ್ಛ ಮರಾಠಿಯವರು ಎಂದು ಭಾವನವರು ಊರಿಗೆಲ್ಲ ಹೇಳಿದರು. ಎಳ್ಳಮವಾಸ್ಯೆಗೆ ಅವರನ್ನು ಹೊಲಕ್ಕೆ ಕರೆದರು. ಒಂದು ರಾತ್ರಿ ಊಟಕ್ಕೆ ಕೂತಾಗ ನನ್ನ ಕಿವಿಗೆ ಬೀಳುವಂತೆ ನೆಗೆಣ್ಣಿಗೆ ಹೇಳಿದರು, "ನಿಲಂಗಾದ ಪಾವಣ್ಯಾರಿಗಿ ಆ ಎಮ್ಮಿ ಕೊಡೂದು ಅಂತ ಮಾಡೀನಿ. ಮನಿತನ ಎಂಥಾದ್ದು ಅಂತ ಅವರಿಗಿ ತಿಳೀಬೇಕು. ಅವತ್ತ ಯಾರೂ ಕಾನಡಿ ಮಾತಾಡಬಾರದು."

ಭಾವನೆದುರು ಸೊಸೆ ಬಾಯಿ ತೆರೆಯುವಂತಿಲ್ಲ. ಮುಖಕ್ಕೆ ಸೆರಗು, ಮಾತಿದ್ದರೆ ಕಂಬಕ್ಕೆ ಹೇಳಬೇಕು. ನಾನು ಕಂಬಕ್ಕೂ ಹೇಳಲಿಲ್ಲ. ಒಳಗೆ ಬಂದ ನಮ್ಮವರನ್ನು ಕೇಳಿದರೆ, ಅಣ್ಣ ಹೇಳಿದ ಮೇಲೆ ಏನು ಮಾಡೋದು ಎಂದು ನೆಲ ನೋಡಿದರು. ಎರಡು ಎತ್ತು ಹಿಡಿದು ಹೊಲ ಹದ ಮಾಡುವ ಗಂಡಸಿಗೆ ಒಬ್ಬ ಅಣ್ಣನ ಮುಂದೆ ನಾಲಿಗೆ ಇಲ್ಲ. ನೀಲಾ ಏನು ಕುಡಿದು ಬದುಕಬೇಕು ಎಂದು ಆ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ.

ಎಳ್ಳಮವಾಸ್ಯೆಗೆ ಇಲ್ಲಿನವರು ಯೆಳವಸ ಅನ್ನುತ್ತಾರೆ. ಹಬ್ಬ ನಮ್ಮದೇ. ಜೋಳದ ಕಣಿಕೆಯಿಂದ ಗುಡಿಸಲಿನಂಥ ಕೊಪ್ಪೆ ಕಟ್ಟಿ, ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿ, ಎಡೆಯ ಅನ್ನವನ್ನು ಹೊಲದ ತುಂಬ ಚರಗ ಚೆಲ್ಲುತ್ತಾರೆ. ಆ ದಿನ ಹೊಲದ ಮುಂದೆ ಹಾದು ಹೋಗುವವರು ಯಾರೇ ಇರಲಿ, ಕರೆದು ಉಣಿಸಲೇಬೇಕು. ಬಡತನದ ವರ್ಷಕ್ಕೆ ಹೇಳಿಮಾಡಿಸಿದ ಊಟ ಅದು. ಹೊಲದಲ್ಲಿ ಸಿಕ್ಕ ಹಸಿ ಕಾಳು, ಸೊಪ್ಪುಗಳನ್ನು ಕೂಡಿಸಿ ಬೇಯಿಸಿದ ಭಜ್ಜಿ, ಜೊತೆಗೆ ಜೋಳದ ಹಿಟ್ಟು ಮಜ್ಜಿಗೆಯಲ್ಲಿ ಕುದಿಸಿದ ಅಂಬಲಿ. ಮಜ್ಜಿಗೆ ನನ್ನ ಎಮ್ಮೆಯದು. ಅದನ್ನು ದಾನ ಕೊಡುವವರು ಅದರ ಮಜ್ಜಿಗೆಯಿಂದಲೇ ಮಾನ ಉಳಿಸಿಕೊಳ್ಳಲು ಹೊರಟಿದ್ದರು.

ನಿಲಂಗಾದವರು ಬಂದರು. ಹುಡುಗನ ತಂದೆ, ನಾಲ್ಕಾರು ಗಂಡಸರು, ಜೊತೆಗೆ ಹುಡುಗನ ಅಜ್ಜಿ. ಎಲ್ಲರೂ ಅವಳನ್ನು ಆಯಿ ಎಂದು ಕರೆಯುತ್ತಿದ್ದರು. ಪಡಸಾಲೆಯ ಆ ಮಂಚವನ್ನು ಹೊಲಕ್ಕೂ ಹೊರಿಸಿದ್ದರು, ಆಯಿಯನ್ನು ಅದರ ಮೇಲೆ ಕೂರಿಸಿದರು. ಭಾವನವರು ಹಾರಗಟ್ಟಲೆ ಮರಾಠಿ ಪೋಣಿಸಿದರು. ಮುದುಕಿ ಪ್ರತಿ ಮಾತಿಗೂ ಹೂಂ ಎಂದಳು. ಪಕ್ಕದ ಗಿಡಕ್ಕೆ ಎಮ್ಮೆಯನ್ನು ಕಟ್ಟಿ ಕೊಂಬಿಗೆ ಬಣ್ಣ ಬಳಿದಿದ್ದರು.

ಅಷ್ಟರಲ್ಲಿ ಬದುವಿನಾಚೆ ಕುರಿಯ ಹಿಂಡು ಬಂತು. ಬೀರಪ್ಪನ ಒಕ್ಕಲಿನವರು, ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಮೇವು ಹುಡುಕಿ ಹೊರಟಿದ್ದರು. ಬಾಯಲ್ಲಿ ನಮ್ಮದೇ ಮಾತು. ಭಾವನವರು ಆಳಿಗೆ ಕಣ್ಣುಸನ್ನೆ ಮಾಡಿದರು. ಅವನು ಓಡಿಹೋಗಿ ಆಚೆಯ ದಾರಿ ಹಿಡಿಯಿರಿ ಎಂದು ಕೈ ಬೀಸತೊಡಗಿದ. ಎಳ್ಳಮವಾಸ್ಯೆಯ ದಿನ, ಚರಗ ಚೆಲ್ಲಿದ ಹೊಲದಿಂದ, ಹಸಿದವರನ್ನು ಓಡಿಸುವುದು. ಶಿವನ ಆಣೆ, ಆ ಗಳಿಗೆಯಲ್ಲಿ ನನಗೆ ಎಮ್ಮೆಯ ನೆನಪೂ ಇರಲಿಲ್ಲ. ಸೆರಗು ತಲೆಯ ಮೇಲೆಯೇ ಇತ್ತು, ದನಿ ಮಾತ್ರ ನಿಲ್ಲಲಿಲ್ಲ.

"ಬರ್ರೆವ್ವಾ, ಅಂಬಲಿ ಕುಡದು ಹೋಗ್ರಿ. ಇವತ್ತ ಹೊಲದ ಮುಂದ ಹಾಂಗss ಹೋಗಬಾರದು."

ಭಾವನವರ ಮುಖ ಸುಟ್ಟ ಬದನೆಯಂತಾಯಿತು. ಆಕಿಗಿ ಸುಮ್ಮ ಕೂಡಂತ ಹೇಳು ಎಂದು ನೆಗೆಣ್ಣಿಗೆ ಗದರಿದರು, ಸಿಟ್ಟಿನಲ್ಲಿ ತಾವೇ ಕನ್ನಡದಲ್ಲಿ. ಕುರಿಯವರು ಅನುಮಾನಿಸುತ್ತ ಬಂದು ಕೊಪ್ಪೆಯ ಹಿಂದೆ ಕೂತರು. ನಾನು ಬಡಿಸತೊಡಗಿದೆ. ಹಿಂದೆ ಯಾರೋ ಕೂತಂತಾಯಿತು. ನೋಡಿದರೆ ಆಯಿ, ಮಂಚ ಬಿಟ್ಟು ಕುರಿಯ ಹೆಂಗಸರ ಪಕ್ಕ ನೆಲದ ಮೇಲೆ.

"ನನಗೂ ಹಾಕವ್ವಾ," ಎಂದಳು. "ಬಳ್ಳೊಳ್ಳಿ ಚೊಲೊ ಬಿದ್ದದ. ಉದಗೀರ ಕಡಿ ನಮ್ಮವ್ವನೂ ಹಿಂಗss ಮಾಡತಿದ್ಲು." ಎರಡು ಗುಟುಕು ಕುಡಿದು ದನಿ ತಗ್ಗಿಸಿದಳು. "ನಿಮ್ಮ ಭಾವ ಮುಂಜಾನಿಂದ ಏನ ಹೇಳಾಕತ್ಯಾನ? ಅಂವನ ಮರಾಠಿ ನನಗ ತಿಳೀವಲ್ದು."

ಕುರಿಯ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಮಜ್ಜಿಗೆ ಯಾವ ಎಮ್ಮೆಯದೆಂದು ಆಯಿ ಕೇಳಿದಳು.

"ನಿಮಗ ಕೊಡಾಕ ಕಟ್ಟ್ಯಾರಲ್ರೀ, ಅದರದss," ಎಂದೆ.

ನನ್ನ ಬಗಲಿನಲ್ಲಿದ್ದ ನೀಲಾಳನ್ನು ನೋಡಿದಳು. "ಮತ್ತ ಇದು ಏನ ಕುಡೀತದ?"

"ಅದರದss ರೀ."

ಆಯಿ ಎದ್ದು ಭಾವನವರ ಮುಂದೆ ನಿಂತಳು. ಈಗ ದನಿ ತಗ್ಗಿರಲಿಲ್ಲ. "ಪೋರಿ ಪಸಂದ ಅದ. ಎಮ್ಮಿ ಇಲ್ಲೇ ಇರಲಿ. ಕೂಸಿನ ಬಾಯಾಗಿಂದು ಕಸಗೊಂಡು ನಮ್ಮ ಮನಿ ದೊಡ್ಡದಾಗೂದು ಬ್ಯಾಡ."

ಮದುವೆ ಆಯಿತು, ಎಮ್ಮೆ ಉಳಿಯಿತು. ಭಾವನವರು ಒಂದು ತಿಂಗಳು ನನ್ನ ಕೈಯ ನೀರು ಕುಡಿಯಲಿಲ್ಲ, ಹಾಲು ಮಾತ್ರ ಕುಡಿದರು. ಆಮೇಲೆ ಕಟ್ಟೆಯ ಮೇಲೆ ಕೂತು, ಬೀಗರು ನಮ್ಮ ಮಾತಿನವರೆಂದು ತಮಗೆ ಮೊದಲೇ ಗೊತ್ತಿತ್ತು, ಅದಕ್ಕೇ ಸಂಬಂಧ ಮಾಡಿದ್ದು ಎಂದು ಹೇಳತೊಡಗಿದರು. ಕೇಳಿದವರು ತಲೆಯಾಡಿಸಿದರು. ನಾನು ಒಳಗೆ ಹಾಲು ಕಾಯಿಸುತ್ತಿದ್ದೆ. ನೀಲಾಳ ಕೆನ್ನೆ ತುಂಬಿಕೊಂಡಿತ್ತು. ಶಿವನಿಗೆ ಕೈ ಮುಗಿದೆ. ಅಂಥವರ ಮೇಲೆ ಸಿಟ್ಟು ಮಾಡಿ ಪೂಜೆಯ ಹೊತ್ತು ಕೆಡಿಸಿಕೊಳ್ಳಬಾರದು.

ಅಷ್ಟರಲ್ಲಿ ರಾಜ್ಯಗಳನ್ನು ಒಡೆದು ಕಟ್ಟಿದರು. ಮುಂಬಯಿ ರಾಜ್ಯದಲ್ಲಿ ಹುಟ್ಟಿ ಹೈದರಾಬಾದ್ ರಾಜ್ಯಕ್ಕೆ ಬಂದವಳು ನಾನು. ಒಲೆಯ ಮುಂದಿನಿಂದ ಏಳುವುದರೊಳಗೆ ಈ ಊರು ಮುಂಬಯಿ ರಾಜ್ಯವಾಗಿತ್ತು, ತವರು ಮೈಸೂರಿಗೆ ಸೇರಿತ್ತು. ಈಗ ಇದು ಮಹಾರಾಷ್ಟ್ರ. ಭಾವನವರು ಪೇಢೆ ಹಂಚಿದರು. ನಿಜಾಮ ತಿರುಗಿ ಬಂದರೂ ಹಂಚುತ್ತಿದ್ದರು, ಶೇರವಾನಿ ಇನ್ನೂ ಟ್ರಂಕಿನಲ್ಲೇ ಇದೆ.

ಇಲ್ಲಿ ಬಾವಿಯ ಹತ್ತಿರ ನಾನು ಇಂದಿಗೂ ಕಾನಡಿ ಬಾಯಿ, ಕನ್ನಡದ ಹೆಂಗಸು. ತವರಿಗೆ ಹೋದರೆ ಬಾಯಿತಪ್ಪಿ ಭಾಕರಿ ಅನ್ನುತ್ತೇನೆ, ಮರಾಠರಾಕಿ ಬಂದಳು ಎಂದು ಅತ್ತಿಗೆ ನಗುತ್ತಾಳೆ. ಊರಿಗೆ ಯಾರು ಬಂದರೂ ಭಾವನವರು ಕೊಟ್ಟಿಗೆಗೆ ಕೈ ತೋರಿಸಿ ಇದು ನಮ್ಮ ಎಮ್ಮೆ ಅನ್ನುತ್ತಾರೆ. ಅಲ್ಲಿ ನಮ್ಮಣ್ಣ ಬಸ್ಸಿನ ಮೆಟ್ಟಿಲ ಹತ್ತಿರವೇ ಕೇಳುತ್ತಾನೆ, "ನಮ್ಮ ಎಮ್ಮಿ ಹೆಂಗದವ್ವಾ?" ಎಮ್ಮೆಗೆ ಇಬ್ಬರು ವಾರಸುದಾರರಿದ್ದಾರೆ. ನನ್ನನ್ನು ತಮ್ಮವಳೆಂದು ಹೀಗೆ ಕೈ ತೋರಿಸಿ ಹೇಳಿದವರನ್ನು ಎರಡೂ ಕಡೆ ನಾನು ಇನ್ನೂ ಕಂಡಿಲ್ಲ. ಹಿಂಡಲು ಕೂತಾಗ ಮಾತ್ರ ಅದು ನನ್ನ ದನಿಗೆ ಹಾಲು ಬಿಡುತ್ತದೆ.