ಇಲ್ಲದ ಕತ್ತುನೋವು

ಯಾದಗಿರಿಗೆ ವರ್ಗವಾಗಿ ಹೋಗುವವರ ಪಟ್ಟಿಯಲ್ಲಿ ನನ್ನ ಹೆಸರಿದೆ ಎಂದು ತಿಳಿದ ವಾರವೇ ನನಗೆ ಕತ್ತುನೋವು ಬಂತು. ಬಂತು ಅನ್ನುವುದಕ್ಕಿಂತ ತರಿಸಿಕೊಂಡೆ ಅನ್ನಬೇಕು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಮೈಸೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಗುಮಾಸ್ತ. ರಾಮಕೃಷ್ಣನಗರದಲ್ಲಿ ಮನೆ ಕಟ್ಟಿಸುತ್ತಿದ್ದೆ, ತಾರಸಿ ಇನ್ನೂ ಹಾಕಿರಲಿಲ್ಲ. ಹೆಂಡತಿಯ ಅಕ್ಕ ಕತ್ತಿನಲ್ಲಿ ನರ ಒತ್ತಿಕೊಂಡು ವರ್ಷಗಟ್ಟಲೆ ನರಳಿದ್ದರು. ಅವರು ಹೇಳುತ್ತಿದ್ದುದನ್ನು ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು: ಭುಜದಿಂದ ಕೆಳಗಿಳಿಯುವ ಚಳುಕು, ಹೆಬ್ಬೆರಳಿನಲ್ಲಿ ಜೋಮು. ಪರಿಚಯದ ವೈದ್ಯರೊಬ್ಬರ ಮುಂದೆ ಅದನ್ನೇ ಒಪ್ಪಿಸಿದೆ. ಅವರು ಸರ್ಟಿಫಿಕೇಟ್ ಬರೆದುಕೊಟ್ಟರು. ಮೆಡಿಕಲ್ ಸ್ಟೋರಿನಲ್ಲಿ ಒಂದು ಕಾಲರ್ ಕೊಂಡು ಕತ್ತಿಗೆ ಸುತ್ತಿಕೊಂಡೆ.

ನನ್ನ ಹೆಸರು ಪಟ್ಟಿಯಿಂದ ಹೋಯಿತು. ಆ ಜಾಗಕ್ಕೆ ಪಕ್ಕದ ಮೇಜಿನವರ ಹೆಸರು ಬಂತು.

ಅವರು ನನಗಿಂತ ಆರು ವರ್ಷ ದೊಡ್ಡವರು. ಟಿ. ನರಸೀಪುರದ ಕಡೆಯ ಬೇಸಾಯದ ಮನೆಯಿಂದ ಬಂದು ವಿದ್ಯಾರಣ್ಯಪುರಂನಲ್ಲಿ ಬಾಡಿಗೆಗಿದ್ದರು. ನಾನು ಲಿಂಗ ಕಟ್ಟಿದವನೆಂದು ನನ್ನನ್ನು ಸ್ವಾಮಿ ಎಂದೇ ಕರೆಯುತ್ತಿದ್ದರು. ವರ್ಗದ ಆರ್ಡರ್ ಕೈಗೆ ಬಂದ ದಿನ ಅವರು ನನ್ನ ಮೇಲೆ ಸಿಟ್ಟಾಗಲಿಲ್ಲ. ನನ್ನ ಕಾಲರ್ ನೋಡಿ, "ನೀವೆಂಗೆ ಓಗ್ತೀರಿ ಸ್ವಾಮಿ ಅಷ್ಟು ದೂರ? ಬಸ್ಸಿನ ಕುಲುಕಾಟಕ್ಕೇ ಸತ್ತೋಗ್ತೀರಿ" ಅಂದರು.

ಹೊರಡುವುದಕ್ಕೆ ನಾಲ್ಕು ದಿನವಿತ್ತು. ಭಾನುವಾರ ಬೆಳಿಗ್ಗೆ ಸ್ಕೂಟರ್ ತಂದು ನನ್ನ ಬಾಡಿಗೆ ಮನೆ ಮುಂದೆ ನಿಲ್ಲಿಸಿದರು. "ಬೋಗಾದೀಲಿ ಒಬ್ರು ಮೇಡಂ ಅವ್ರೆ. ಫಾರಿನ್ನಲ್ಲಿ ಕಲ್ತು ಬಂದವ್ರಂತೆ. ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ, ಕೈಯಲ್ಲೇ ಮೂಳೆ ಸರಿ ಮಾಡ್ತಾರೆ. ನಾನೋಗೋಕ್ ಮುಂಚೆ ನಿಮ್ಗೊಂದು ದಾರಿ ಮಾಡ್ಬುಟ್ಟು ಓಗ್ತೀನಿ, ಗಾಡಿ ಅತ್ತಿ" ಅಂದರು. ಬೇಡವೆನ್ನಲು ನೆಪ ಹೊಳೆಯಲಿಲ್ಲ. ದಾರಿಯುದ್ದಕ್ಕೂ ಹಳ್ಳ ಬಂದಲ್ಲೆಲ್ಲ ಗಾಡಿ ನಿಧಾನ ಮಾಡಿ, "ನೋವಾಯ್ತಾ?" ಎಂದು ಹಿಂದೆ ತಿರುಗಿ ಕೇಳುತ್ತಿದ್ದರು. ನಾನು ಪ್ರತಿ ಸಲವೂ "ಸ್ವಲ್ಪ" ಅಂದೆ.

ಹೊಸ ಬಡಾವಣೆಯ ಮನೆಯೊಂದರ ಮುಂದಿನ ಕೋಣೆಯೇ ಆ ಮೇಡಂ ಅವರ ಕ್ಲಿನಿಕ್ಕು. ಕೈರೋಪ್ರಾಕ್ಟರ್ ಎಂದು ಬಾಗಿಲಲ್ಲಿ ಬರೆದಿತ್ತು. ಮಧ್ಯವಯಸ್ಸಿನ, ಮೆಲುದನಿಯ ಹೆಂಗಸು. ಕಾಲರ್ ಬಿಚ್ಚಿಸಿ ನನ್ನ ತಲೆಯನ್ನು ಓರೆ ಮಾಡಿ ಮೇಲಿನಿಂದ ಒತ್ತಿದರು. ಮೊಣಕೈಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ತಮ್ಮ ಎರಡು ಬೆರಳು ಕೊಟ್ಟು ಬಿಗಿಯಾಗಿ ಹಿಡಿಯಲು ಹೇಳಿದರು. ಕೊನೆಗೆ ಕಣ್ಣು ಮುಚ್ಚಿಸಿ, "ಜೋಮು ಯಾವ ಬೆರಳಲ್ಲಿ?" ಅಂದರು.

ಹೆದರಿಕೆಗೆ ಬಾಯಿಪಾಠ ಮರೆತುಹೋಯಿತು. "ಕಿರುಬೆರಳು" ಅಂದೆ.

"ಎಬ್ಬೆಟ್ಟು ಅಂತಿದ್ರಲ್ಲ ಸ್ವಾಮಿ," ಎಂದು ಹಿಂದಿನಿಂದ ನೆನಪಿಸಿದರು ನನ್ನ ಸಹೋದ್ಯೋಗಿ, ನನಗೆ ಸಹಾಯ ಮಾಡಲೆಂದು.

ಕಣ್ಣು ತೆರೆದರೆ ಆಕೆ ನನ್ನನ್ನೇ ನೋಡುತ್ತಿದ್ದರು. "ನಿಮ್ಮ ಕತ್ತಲ್ಲಿ ನನಗೆ ಏನೂ ಸಿಗ್ತಿಲ್ಲ. ತೊಂದರೆ ಇಲ್ಲದ ಕತ್ತಿಗೆ ನಾನು ಕೈ ಹಾಕಲ್ಲ" ಅಂದರು. ಮುಖವೆಲ್ಲ ಉರಿದು, ನಾನು ಅಂಗಿಯ ಗುಂಡಿ ಹಾಕಿಕೊಳ್ಳುವವನಂತೆ ತಲೆ ತಗ್ಗಿಸಿದೆ.

ಆಕೆಯ ಗಮನ ಅಷ್ಟರಲ್ಲಿ ನನ್ನ ಸಹೋದ್ಯೋಗಿಯ ಕಡೆ ಹೋಗಿತ್ತು. ಅವರು ಬಲಗೈಯನ್ನು ಎಡಗೈಯಿಂದ ತಿಕ್ಕಿಕೊಳ್ಳುತ್ತಿದ್ದರು. "ನಿಮಗೇನಾಗಿದೆ?" ಎಂದು ಆಕೆ ಕೇಳಿದರು.

"ಏನಿಲ್ಲ ಮೇಡಂ. ಗಾಡಿ ಓಡಿಸಿದ್ರೆ ಇಂಗೇ ಜುಂ ಅಂತದೆ. ನಾಕೈದು ವರ್ಸದಿಂದ ಐತೆ."

ಕೂರಿಸಿ ನೋಡಿದರು. ಹಿಡಿತ ಸಡಿಲವಾಗಿತ್ತು. ತಲೆ ಒತ್ತಿದ ಕೂಡಲೇ ಅವರು "ಅಯ್ಯಪ್ಪಾ" ಎಂದು ಮುಖ ಕಿವುಚಿದರು. ನಾನು ಎಷ್ಟೋ ದಿನದಿಂದ ನಟಿಸುತ್ತಿದ್ದ ಮುಖ ಅದಲ್ಲವೇ ಅಲ್ಲ. ನರ ಚೆನ್ನಾಗಿಯೇ ಒತ್ತಿಕೊಂಡಿದೆ, ಮೊದಲು ಸ್ಕ್ಯಾನ್ ಆಗಬೇಕು, ಆಮೇಲೆ ವಾರಕ್ಕೆರಡು ಸಲದಂತೆ ಎರಡು ತಿಂಗಳು ಬರಬೇಕು ಎಂದರು ಆಕೆ.

"ಗುರುವಾರ ಯಾದಗಿರಿಗೆ ಓಯ್ತಾ ಇವ್ನಿ ಮೇಡಂ. ಟ್ರಾನ್ಸ್‌ಫರ್."

"ಮುಂದಕ್ಕೆ ಹಾಕಿಸೋಕಾಗಲ್ವಾ?"

"ಎಲ್ಲಿ ಆಯ್ತದೆ ಮೇಡಂ" ಎಂದು ನಕ್ಕರು. ಆಗ ನಾನು ಬಾಯಿ ಬಿಡಬೇಕಿತ್ತು. ನಾನೇ ಹೋಗುತ್ತೇನೆ ಎನ್ನಬೇಕಿತ್ತು. ತಾರಸಿಯ ಬಗ್ಗೆ ಯೋಚಿಸುತ್ತ ಕೂತಿದ್ದೆ.

ಮನೆ ಮುಂದೆ ಇಳಿಸಿದಾಗ, "ನಿಮ್ಗೇನೂ ಇಲ್ವಂತಲ್ಲ, ಒಳ್ಳೇದಾಯ್ತು ಬುಡಿ" ಎಂದಷ್ಟೇ ಹೇಳಿ ಗಾಡಿ ತಿರುಗಿಸಿದರು. ಗುರುವಾರ ಹೊರಟುಹೋದರು. ಜನ ಏನಾದರೂ ಅಂದಾರೆಂದು ನಾನು ಮತ್ತೆ ಎರಡು ವಾರ ಕಾಲರ್ ಹಾಕಿಕೊಂಡೇ ಕಚೇರಿಗೆ ಹೋದೆ. ಇದನ್ನು ಬರೆಯುವಾಗ ಉಳಿದೆಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುತ್ತಿರುವುದು ಆ ಎರಡು ವಾರಕ್ಕೆ.

ಮೂರು ವರ್ಷದ ಮೇಲೆ ಅವರು ಮೈಸೂರಿಗೆ ವಾಪಸಾದರು. ಬಲಗೈ ಸೊರಗಿತ್ತು. ಅಲ್ಲಿ ನೋವು ತಡೆಯಲಾರದೆ ಆಪರೇಷನ್ ಮಾಡಿಸಿಕೊಂಡಿದ್ದರಂತೆ. ನೋವು ಹೋಗಿತ್ತು, ಶಕ್ತಿ ಪೂರ್ತಿ ಮರಳಿರಲಿಲ್ಲ. ಮಧ್ಯಾಹ್ನದ ಕಾಫಿಗೆ ಕ್ಯಾಂಟೀನಿನಲ್ಲಿ ಇಬ್ಬರೇ ಇದ್ದಾಗ ಹೇಳಿಬಿಟ್ಟೆ: "ಆವಾಗ ನನಗೆ ಯಾವ ನೋವೂ ಇರಲಿಲ್ಲ."

"ಗೊತ್ತು ಕಣ್ರೀ. ಮೇಡಂ ಮನೆ ಮೆಟ್ಲಿಳೀವಾಗ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿದ್ರೆ ನೀವು ಇನ್ನೊಂದು ಸುಳ್ಳು ಏಳ್ಬೇಕಾಗಿತ್ತು."

ಸಿಟ್ಟಿನಿಂದ ಹೇಳಲಿಲ್ಲ. ಕಾಫಿ ಮುಗಿಸಿ, ಎಡಗೈಯಲ್ಲಿ ಲೋಟ ಎತ್ತಿ ತೊಳೆಯುವ ಕಡೆ ಇಟ್ಟು, ತಮ್ಮ ಮೇಜಿಗೆ ಹೋದರು. ಅಂದಿನಿಂದ ಅವರು ನನ್ನನ್ನು ಸ್ವಾಮಿ ಎನ್ನಲಿಲ್ಲ. ಎಲ್ಲರನ್ನೂ ಕರೆಯುವಂತೆ ಸಾರ್ ಅಂದರು.