ಲೆಕ್ಕದ ಕೋಣೆ ಕೇಳದ ಕಟ್ಟಪ್ಪಣೆ

ಎಂಬರಾರ ಪಟ್ಟಣದ ಹಾಲು ಒಕ್ಕೂಟದ ಕಚೇರಿಯಲ್ಲಿ ಕಂಪ್ಯೂಟರ್ ಕೆಟ್ಟರೆ ಎಲ್ಲರೂ ಕೂಗುತ್ತಿದ್ದದ್ದು ಪೆನಿನಾಳನ್ನು. ಗೋಡೆ ಕೊರೆಸಿ ವೈರು ಎಳೆಸಿದವಳು, ಸರ್ವರ್ ಕೂರಿಸಿದವಳು, ಒಂದೊಂದು ಯಂತ್ರದ ಜ್ವರ ಕೆಮ್ಮು ಬಲ್ಲವಳು ಅವಳೇ. ಆದರೂ ಮ್ಯಾನೇಜರ್ ಬರುಹಾಂಗ ಅವಳನ್ನು ಬರೀ 'ಪೆನಿನಾ' ಎನ್ನುತ್ತಿದ್ದರು. ರಾಜಧಾನಿ ಕಂಪಾಲದಿಂದ ಬಂದ ಅಪೊಲೊ ಮಾತ್ರ ಕಾಲಿಟ್ಟ ದಿನವೇ 'ಎಂಜಿನಿಯರ್' ಆದ. ಅವಳು ಆಸೆಪಟ್ಟಿದ್ದ ಕಿಟಕಿ ಪಕ್ಕದ ಮೇಜೂ ಅವನ ಪಾಲಾಯಿತು.

ಯಾರದೋ ಪೆನ್‌ಡ್ರೈವ್‌ನಿಂದ ವೈರಸ್ ಹೊಕ್ಕು ಹಾಲು ತೂಗುವ ಕೋಣೆಯ ಕೆಲಸವೆಲ್ಲ ನಿಂತುಹೋದ ಮೇಲೆ, ಇನ್ನು ಯಾವ ಕಂಪ್ಯೂಟರೂ ಪೆನ್‌ಡ್ರೈವ್ ಒಪ್ಪಕೂಡದು ಎಂದು ಬರುಹಾಂಗ ಕಟ್ಟಪ್ಪಣೆ ಮಾಡಿದರು. ಆ ಕೆಲಸವನ್ನೂ ಅಪೊಲೊಗೇ ವಹಿಸಿದರು.

ಅವನು ಎಲ್ಲ ಕಂಪ್ಯೂಟರುಗಳನ್ನೂ ಹೊಸದೊಂದು ಗುಂಪಿಗೆ ಸೇರಿಸಿ, ಆ ಗುಂಪಿಗಷ್ಟೇ ತಾಗುವಂತೆ ಸರ್ವರಿನಲ್ಲಿ ನಿಯಮ ಹಾಕಿದ. ಮರುದಿನ ಕಚೇರಿಯೆಲ್ಲ ನಿಯಮಕ್ಕೆ ಬಗ್ಗಿತು, ಲೆಕ್ಕದ ಕೋಣೆಯೊಂದನ್ನು ಬಿಟ್ಟು. ಅಲ್ಲಿ ಗುಮಾಸ್ತೆ ಜೋವಿಯಾ ಪೆನ್‌ಡ್ರೈವ್ ಚುಚ್ಚಿ ಹಾಡು ಕೇಳುತ್ತ ಕೂತಿದ್ದಳು.

"ಏನ್ ಎಂಜಿನಿಯರೇ, ನಿಮ್ಮ ಬೀಗ ನಮ್ಮ ಬಾಗಿಲಿಗೆ ಹಿಡಿಸ್ಲಿಲ್ವಾ?"

ಅಪೊಲೊ ನಿಯಮವನ್ನು ಅವಳ ಯಂತ್ರಕ್ಕೆ ಬಲವಂತವಾಗಿ ಮತ್ತೆ ಮತ್ತೆ ಇಳಿಸಿ ನೋಡಿದ. ಯಂತ್ರವನ್ನು ಕೇಳಿದರೆ ತಾನು ಆ ಗುಂಪಿನದಲ್ಲ ಎನ್ನುತ್ತಿತ್ತು. ಸರ್ವರಿನಲ್ಲಿ ನೋಡಿದರೆ ಅದರ ಹೆಸರು ಗುಂಪಿನಲ್ಲೇ ಇತ್ತು. ಅವನ ಅಂಗಿ ಬೆವೆತು ಬೆನ್ನಿಗಂಟಿತು.

ಪೆನಿನಾಗೆ ಆಗಲೇ ಗೊತ್ತಾಗಿತ್ತು. ಹೊಸ ಗುಂಪಿಗೆ ಸೇರಿದ್ದು ಕಂಪ್ಯೂಟರಿಗೆ ತಿಳಿಯುವುದು ಅದನ್ನು ಆರಿಸಿ ಮತ್ತೆ ಶುರುಮಾಡಿದಾಗಲೇ. ಲೆಕ್ಕದ ಕೋಣೆಯವರು ಸಂಜೆ ಪರದೆಯನ್ನಷ್ಟೇ ಆರಿಸಿ ಮನೆಗೆ ಹೋಗುವವರು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವಳು ಹೇಳಲಿಲ್ಲ. ಹಾಲಿನ ಚಹಾ ಹೀರುತ್ತ ಅವನ ಒದ್ದಾಟ ನೋಡಿದಳು. ಎಷ್ಟೋ ದಿನಗಳಿಂದ ಉರಿಯುತ್ತಿದ್ದ ಹೊಟ್ಟೆ ಸ್ವಲ್ಪ ತಣ್ಣಗಾಯಿತು.

ಆ ಸುಖ ಗುರುವಾರದವರೆಗೆ ಉಳಿಯಿತು. ಅಂದು ಊಟದ ಹೊತ್ತಿಗೆ, ಬೇಯಿಸಿದ ಬಾಳೆಕಾಯಿಯ ಮತೋಕೆ ತಟ್ಟೆ ಮುಂದಿಟ್ಟುಕೊಂಡು ಅಪೊಲೊ ಮ್ಯಾನೇಜರಿಗೆ ಹೇಳಿದ್ದು ಅವಳ ಕಿವಿಗೆ ಬಿತ್ತು:

"ಸಾರ್, ಹಳೇ ಸರ್ವರ್ರೇ ಸರಿ ಇಲ್ಲ. ಬುಡದಿಂದ ಹೊಸದಾಗಿ ಕಟ್ಬೇಕು."

ಊಟ ಅರ್ಧಕ್ಕೇ ಬಿಟ್ಟು ಪೆನಿನಾ ಎದ್ದಳು. ಕೈ ತೊಳೆದವಳೇ ಲೆಕ್ಕದ ಕೋಣೆಗೆ ನುಗ್ಗಿದಳು.

"ಎಲ್ಲಾ ಸೇವ್ ಮಾಡ್ಕೊಳ್ರೇ, ಆರಿಸ್ತೀನಿ."

"ಅಯ್ಯೋ ಪೆನಿನಕ್ಕ, ನನ್ನ ಹಾಡು!" ಜೋವಿಯಾ ಕೂಗಿದಳು.

"ನಿನ್ನ ಹಾಡಿಗಿಷ್ಟು ಬೆಂಕಿ ಹಾಕ!"

ಯಂತ್ರಗಳು ಮತ್ತೆ ಎದ್ದವು. ಜೋವಿಯಾ ಪೆನ್‌ಡ್ರೈವ್ ಚುಚ್ಚಿದಳು. ಕಂಪ್ಯೂಟರ್ ಒಪ್ಪಲಿಲ್ಲ.

ಗಲಾಟೆ ಕೇಳಿ ಅಪೊಲೊನೊಡನೆ ಬಂದ ಬರುಹಾಂಗ ಅವನ ಬೆನ್ನು ತಟ್ಟಿದರು. "ಭೇಷ್ ಎಂಜಿನಿಯರ್!"

"ನಾನಲ್ಲ ಸಾರ್, ಅಕ್ಕ ಸರಿಮಾಡಿದ್ದು."

"ಏನ್ ಮಾಡಿದ್ಲು?"

"ಆರಿಸಿ ಮತ್ತೆ ಹಾಕಿದ್ರು, ಅಷ್ಟೇ," ಎಂದಳು ಜೋವಿಯಾ.

"ಅದನ್ನ ನಮ್ಮ ಗೇಟಿನವನೂ ಮಾಡ್ತಿದ್ದ!" ಎಂದು ನಗುತ್ತ ಅವರು ಹೊರಟುಹೋದರು.

ಪೆನಿನಾ ಬಾಗಿಲ ಬಳಿ ನಿಂತೇ ಇದ್ದಳು. ಅಪೊಲೊ ಹತ್ತಿರ ಬಂದ.

"ಅಕ್ಕ, ಇದು ನಿಮ್ಗೆ ಯಾವಾಗ ಗೊತ್ತಾಯ್ತು?"

"ಮೊದಲ್ನೇ ದಿನಾನೇ."

"ನನ್ನ ಮೇಲೆ ಅಷ್ಟು ಸಿಟ್ಟಾ?"

"ಸಿಟ್ಟಲ್ಲ ಕಣೋ. ಹೊಟ್ಟೆಕಿಚ್ಚು." ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು.

ಅವನು ನೆಲ ನೋಡಿದ. "ನಂಗೂ ಇತ್ತು. ಏನ್ ಕೆಟ್ರೂ ಎಲ್ರೂ ನಿಮ್ಮನ್ನೇ ಕೂಗ್ತಾರೆ, ನನ್ನನ್ನ ಎಂಜಿನಿಯರ್ ಅಂತ ಆಡ್ಕೊಳ್ತಾರೆ. ನಿಮ್ಮನ್ನ ಕೇಳೋಕೆ ಮನಸ್ಸು ಬರ್ಲಿಲ್ಲ. ಸರ್ವರ್ ಸರಿ ಇಲ್ಲ ಅಂದಿದ್ದೂ ಹೊಟ್ಟೆ ಉರಿಗೇ."

ಕಿಚ್ಚು ಅಂದೇ ಆರಿತೆಂದರೆ ಸುಳ್ಳಾದೀತು. ವರ್ಷದ ಕೊನೆಗೆ ಅಪೊಲೊನನ್ನು ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದಾಗ ಪೆನಿನಾ ಎಷ್ಟೋ ದಿನ ಅವನೊಡನೆ ಮಾತು ಬಿಟ್ಟಳು. ಆಮೇಲೊಂದು ಬೆಳಿಗ್ಗೆ, ಪ್ರಿಂಟರಿನ ನಿಯಮವೊಂದು ಇಳಿಯದೆ ಅವನು ತಲೆ ಕೆರೆದುಕೊಳ್ಳುತ್ತಿದ್ದ. ಏನು ಮಾಡಬೇಕೆಂದು ಅವಳು ಅರ್ಧ ಹೇಳಿ ನಿಲ್ಲಿಸಿದಳು. ಅವನು ಕಾದ.

"ಇನ್ನರ್ಧ ನಾಳೆನಾ ಅಕ್ಕ?"

ಅವಳಿಗೆ ನಗು ತಡೆಯಲಾಗಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತು ಉಳಿದದ್ದನ್ನೂ ಹೇಳಿದಳು.