ಖಾತುನಬಿಯ ಹೊಸ್ತಿಲು ಮತ್ತು ಮೋಟಾರಿನ ಕಾಲು

ಲಕ್ಷ್ಮೇಶ್ವರದಲ್ಲಿ ಗುಡಿ, ಬಸದಿ, ದರ್ಗಾ ಎಲ್ಲದರ ಮುಂದೂ ಜನ ಚಪ್ಪಲಿ ಬಿಡುತ್ತಾರೆ, ಅದು ಭಕ್ತಿ. ಖಾತುನಬಿಯ ಮನೆ ಮುಂದೆಯೂ ಬಿಡುತ್ತಾರೆ, ಅದು ಭಯ. ನಲವತ್ತು ವರ್ಷದಲ್ಲಿ ಆ ಹೊಸ್ತಿಲು ದಾಟಿದ ಚಪ್ಪಲಿ ಒಂದೂ ಇಲ್ಲ. ಒಮ್ಮೆ ಕಳ್ಳನೊಬ್ಬ ಕೂಡ ಹೊರಗೆ ಬಿಟ್ಟೇ ಒಳನುಗ್ಗಿ, ಓಡುವ ಗಡಿಬಿಡಿಯಲ್ಲಿ ಮೆಟ್ಟಿಕೊಳ್ಳಲು ಮರೆತು, ಅದರ ಗುರುತಿನಿಂದಲೇ ಸಿಕ್ಕಿಬಿದ್ದನಂತೆ. ತನಿಖೆಗೆ ಬಂದ ಫೌಜದಾರ ಬೂಟು ಕಳಚಿ, ಕಾಲುಚೀಲದ ತೂತಿನಿಂದ ಇಣುಕುವ ಹೆಬ್ಬೆರಳನ್ನು ಮುಚ್ಚಿಕೊಳ್ಳುತ್ತಲೇ ಪಂಚನಾಮೆ ಬರೆದನಂತೆ.

ಪೇಟೆಯಲ್ಲಿ ಕಾಳಿನ ಹರಕು ಚೀಲ ಹೊಲಿಯುವ ಈ ಮುದುಕಿಯ ಕೈಯಲ್ಲಿ ಸದಾ ಗೇಣುದ್ದದ ದಬ್ಬಣ. "ನಮಾಜಿನ ಮನಿ. ಬಾಳ ನೇಮದಾಕಿ" ಎಂದು ಓಣಿ ಹೊಗಳುತ್ತಿತ್ತು, ತುಸು ದೂರ ನಿಂತು.

ಆ ಕೋಟೆಯೊಳಗೇ ಒಬ್ಬ ಶತ್ರುವಿದ್ದಳು: ಮೊಮ್ಮಗಳು ರುಹಿ. ಹದಿನಾರು ವರ್ಷ. ಹುಟ್ಟಿದಾಗಿನಿಂದ ಕಾಲೆರಡೂ ಬಿಗಿದು ಕತ್ತರಿಯಂತೆ ಹೆಣೆದುಕೊಂಡಿದ್ದವು. ಅವಕ್ಕೆ ಸಲ್ಲಬೇಕಾದ ವೇಗವೆಲ್ಲ ನಾಲಿಗೆಗೆ ಬಂದಿತ್ತು. ತಾಯಿ ತೀರಿಹೋದ ಮೇಲೆ, ಅವಳು 'ದಾದಿ' ಎಂದು ಕರೆಯುವ ಈ ಅಜ್ಜಿಯೇ ಎತ್ತಬೇಕು, ಇಳಿಸಬೇಕು, ಬಚ್ಚಲಿಗೆ ಒಯ್ಯಬೇಕು. ಒಯ್ಯುವಾಗ ಇಬ್ಬರೂ ಬೈದಾಡಿಕೊಂಡೇ ಹೋಗುತ್ತಿದ್ದರು. ರುಹಿಗೆ ಜಗತ್ತಿನಲ್ಲಿ ಬೇಕಾದದ್ದು ಒಂದೇ: ಬಚ್ಚಲಿಗೆ ತಾನೇ ನಡೆದುಹೋಗಿ ಒಳಗಿನಿಂದ ಚಿಲಕ ಹಾಕಿಕೊಳ್ಳುವುದು.

ಗದಗಿನ ಒಂದು ಕೇಂದ್ರಕ್ಕೆ ಮೋಟಾರಿನ ಕಾಲು ಬಂತು. ಸೊಂಟದಿಂದ ಪಾದದವರೆಗೆ ಕಟ್ಟಿಕೊಳ್ಳುವ ಪಟ್ಟಿಗಳು, ಮೊಣಕಾಲಿಗೊಂದು ಮೋಟಾರು, ಬೆನ್ನಿಗೆ ಬ್ಯಾಟರಿ, ಅಡಿಗೆ ಬೂಟು. ತೊಟ್ಟವರು ಕಾಲು ತುಸು ಅಲುಗಿಸಿದರೆ ಸಾಕು, ಉಳಿದದ್ದನ್ನು ಅದು ಎತ್ತುತ್ತದೆ. ಎರಡು ತಿಂಗಳು ಬಸ್ಸಿನಲ್ಲಿ ಹೋಗಿ ಬಂದು ರುಹಿ ಅದರಲ್ಲಿ ನಡೆಯಲು ಕಲಿತಳು. ಇನ್ನುಳಿದದ್ದು ಕಡೆಯ ಪರೀಕ್ಷೆ: ಸ್ವಂತ ಮನೆಯೊಳಗೆ ಹತ್ತು ಹೆಜ್ಜೆ. ಹಾಕಿದರೆ ಯಂತ್ರ ಅವಳದು. ಇಲ್ಲದಿದ್ದರೆ ಸರದಿಯಲ್ಲಿರುವ ಮುಂಡರಗಿಯ ಹುಡುಗನದು.

ಎಂಜಿನಿಯರ್ ಹನಮಂತ ಬಂದು, ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಯಂತ್ರ ಕಟ್ಟಿದ. ರುಹಿ ಎದ್ದಳು, ಗುಂಯ್ ಗುಂಯ್ ಎನ್ನುತ್ತ ಬಾಗಿಲಿಗೆ ಬಂದಳು. ಬಾಗಿಲಲ್ಲಿ ದಬ್ಬಣ ನಿಂತಿತ್ತು.

"ಬೂಟು ಬಿಚ್ಚು."

"ಅಜ್ಜಿ, ಅದು ಬಿಚ್ಚಾಕ ಬರಂಗಿಲ್ರಿ" ಎಂದ ಹನಮಂತ. "ಕಾಲು ನೆಲಕ್ಕ ಊರೈತೋ ಇಲ್ಲೋ ಅಂತ ಆ ಬೂಟಿಗೇ ಗೊತ್ತಾಗೂದು. ಬಿಚ್ಚಿದ್ರ ಮೋಟಾರು ಹೊಂಡಂಗಿಲ್ಲ."

"ಹಂಗಾರ ತೊಳಿ."

"ನೀರು ಬಿದ್ರ ಸುಡ್ತೈತ್ರಿ."

"ಇಷ್ಟು ಶಾಣ್ಯಾ ಮಂದಿ ಕೂಡಿ ಮಾಡೀರಿ. ಮನಿಗೊಂದು ಹೊಸ್ತಿಲ ಇರತೈತಿ ಅನ್ನೂದು ಒಬ್ರಿಗೂ ಹೊಳೀಲಿಲ್ಲೇನ ತಮ್ಮಾ?"

ಹನಮಂತ ತನ್ನ ಬರಿಗಾಲು ನೋಡಿಕೊಂಡ. ಅವನ ಚಪ್ಪಲಿಯೂ ಹೊರಗೇ ಇತ್ತು.

ರುಹಿಗೆ ನೆತ್ತಿ ಉರಿಯಿತು. "ನಿನ್ನ ನೆಲಾ ನೀನ ಹೆಗಲ ಮ್ಯಾಲ ಹೊತ್ಕೊಂಡು ತಿರಗು ದಾದಿ! ನನ್ನ ಹೊತ್ತಿದ್ದು ಸಾಕು!"

ಖಾತುನಬಿ ಬಾಗಿಲನ್ನು ಧಡಾರನೆ ಹಾಕಿಕೊಂಡಳು.

ಕಾಲು ಗಂಟೆ ಕಾದು ಹನಮಂತ ಕೈಗಡಿಯಾರ ನೋಡಿದ. ಮತ್ತೆ ಮುಚ್ಚಿದ ಬಾಗಿಲು ನೋಡಿದ. ಕಡೆಗೆ ಮುಂಡರಗಿಗೆ ಫೋನು ಹಚ್ಚಲು ಅಂಗಿಯ ಕಿಸೆಗೆ ಕೈ ಹಾಕಿದ. ರುಹಿ ಕಂಬ ಹಿಡಿದು ನಿಂತೇ ಇದ್ದಳು.

ಬಾಗಿಲು ತೆರೆಯಿತು. ಗೋಣಿಯ ಎರಡು ಗವಸುಗಳು ಹಾರಿಬಂದು ಹನಮಂತನ ಎದೆಗೆ ಬಡಿದವು. ಹೊಚ್ಚ ಹೊಸ ಗೋಣಿ, ಚೀಲಕ್ಕೆ ಹಾಕುವಂಥದ್ದೇ ಎರಡೆಳೆ ಹೊಲಿಗೆ.

"ಬೂಟಿನ ಮ್ಯಾಲ ತೊಡಸು. ಲಾಡಿ ಬಿಗಿ. ಜಾರಿ ಬಿದ್ಲಂದ್ರ ನಿನ್ನ ಹೊಲಿತೀನಿ."

ಗೋಣಿ ಶಹಾಬಾದ್ ಕಲ್ಲಿನ ನೆಲವನ್ನು ಗಟ್ಟಿಯಾಗಿ ಹಿಡಿಯಿತು. ಒಂದು, ಎರಡು, ಮೂರು... ಹನಮಂತ "ಹತ್ತು!" ಎಂದು ಕೂಗಿದ. ರುಹಿ ನಿಲ್ಲಲಿಲ್ಲ. ಪಡಸಾಲೆ ದಾಟಿದಳು, ಅಡಿಗೆಮನೆ ದಾಟಿದಳು, ಬಚ್ಚಲು ಹೊಕ್ಕಳು. ಚಿಲಕ ಬಿದ್ದ ಸದ್ದು ಮನೆಯೆಲ್ಲ ಕೇಳಿಸಿತು.

ಹೊರಗೆ ಹನಮಂತ ಮೂಗು ಏರಿಸಿಕೊಳ್ಳುವುದು ಒಳಗಿದ್ದವಳ ಕಿವಿಗೂ ಬಿತ್ತು. "ಅಜ್ಜೀ, ನಲವತ್ತು ವರ್ಷದ ನೇಮ ಮೊಮ್ಮಗಳ ಸಲುವಾಗಿ ಮುರದ್ರಲ್ರಿ... ದೊಡ್ಡ ಜೀವ ನಿಮ್ದು!"

ರುಹಿ ಉಸಿರು ಬಿಗಿಹಿಡಿದು ಬಾಗಿಲಿಗೆ ಕಿವಿಗೊಟ್ಟಳು.

"ಎಂಥಾ ನೇಮೋ ತಮ್ಮಾ?" ಎಂದಳು ಖಾತುನಬಿ. "ನೆಲಾ ಒರಸಾಕ ಈ ಮನ್ಯಾಗ ನಾ ಒಬ್ಬಾಕೀನ ಇದ್ದೆ."